ಕಾಜಾ ಬಾಕಿ

ಜನವರಿ 9

ಮಾನ್ಯ ಯೋಜನಾಧಿಕಾರಿಗಳಿಗೆ,
ನಗರಸಭೆ ಕಚೇರಿ, ಎರಡನೇ ಮಹಡಿ.

ಅರ್ಜಿದಾರಳಾದ ನಾನು ಹಳೇ ಮಾರುಕಟ್ಟೆಯಲ್ಲಿ ಇಪ್ಪತ್ತಾರು ವರ್ಷದಿಂದ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವಳು. ನಿಮ್ಮನ್ನು ಹೆತ್ತವಳೂ ಹೌದು, ಆದರೆ ಆ ಸಲಿಗೆಯಿಂದ ಈ ಪತ್ರ ಬರೆಯುತ್ತಿಲ್ಲ. ನಾವಿಬ್ಬರೂ ಮಾತು ಬಿಟ್ಟು ಮೂರು ವರ್ಷವಾಯಿತು. ಅದು ಬೇರೆ ವಿಷಯ, ಅದಕ್ಕೆ ನಿಮ್ಮ ಪುಸ್ತಕದಲ್ಲಿ ಕ್ರಮಸಂಖ್ಯೆ ಇಲ್ಲ.

ಪುಸ್ತಕ ಅಂದೆನಲ್ಲ, ಅದರ ಬಗ್ಗೆಯೇ ಈ ಅರ್ಜಿ. ಕಳೆದ ವಾರ ನಿಮ್ಮ ಕಡೆಯವರು ಬಂದು ಅಂಗಡಿಗೊಂದರಂತೆ ಹಂಚಿಹೋದರು. 'ನಗರದ ಐದು ವರ್ಷದ ಕಾರ್ಯತಂತ್ರ ಯೋಜನೆ: ಪ್ರಗತಿ ಪರಿಶೀಲನೆ'. ಪಕ್ಕದ ಪಾತ್ರೆ ಅಂಗಡಿಯವಳು ಅದರ ಹಾಳೆ ಹರಿದು ಲೋಟ ಸುತ್ತಿಕೊಡಲು ನೋಡಿದಳು. ಕಾಗದ ಎಷ್ಟು ನುಣುಪೆಂದರೆ ಲೋಟ ಜಾರಿಬಿತ್ತು. ನಾನು ಕೂತು ಓದಿದೆ. ಅರವತ್ತನಾಲ್ಕು ಕೆಲಸಗಳ ಪಟ್ಟಿ. ಆದದ್ದಕ್ಕೆ ಹಸಿರು ಚುಕ್ಕೆ, ಆಗುತ್ತಿರುವುದಕ್ಕೆ ಹಳದಿ, ಆಗದ್ದಕ್ಕೆ ಕೆಂಪು. ಹನ್ನೆರಡನೇ ಪುಟ, ಕ್ರಮಸಂಖ್ಯೆ ಮೂವತ್ತೊಂದು: 'ಹಳೇ ಮಾರುಕಟ್ಟೆಯಲ್ಲಿ ಮಹಿಳೆಯರ ಶೌಚಾಲಯ. ಪೂರ್ಣ.' ಪಕ್ಕದಲ್ಲಿ ಹಸಿರು ಚುಕ್ಕೆ.

ಪೂರ್ಣ! ಆ ಕಟ್ಟಡ ನನ್ನ ಅಂಗಡಿಯಿಂದ ಹದಿನೆಂಟು ಹೆಜ್ಜೆ. ಬಾಗಿಲಿಗೆ ಬೀಗ ಬಿದ್ದು ಹದಿನಾಲ್ಕು ತಿಂಗಳು. ಬೀಗಕ್ಕೂ ಚಿಲಕಕ್ಕೂ ನಡುವೆ ಜೇಡ ಬಲೆ ಕಟ್ಟಿ ಸಂಸಾರ ಹೂಡಿದೆ. ಇಲ್ಲಿರುವ ನೂರಾ ಹತ್ತು ಹೆಂಗಸರಲ್ಲಿ ಒಬ್ಬಳೂ ಒಳಗೆ ಕಾಲಿಟ್ಟಿಲ್ಲ, ಜೇಡದ ಮರಿಗಳು ಮಾತ್ರ ಹೋಗಿಬಂದು ಮಾಡುತ್ತಿವೆ.

ನಮ್ಮ ಕಸುಬಿನಲ್ಲಿ ಅಂಗಿಗೆ ಗುಂಡಿ ಹಚ್ಚಿ ಕಾಜಾ ಕತ್ತರಿಸದೆ ಬಿಟ್ಟರೆ ಅದನ್ನು ಪೂರ್ಣ ಅನ್ನುವುದಿಲ್ಲ. ಗುಂಡಿ ತೂರಲು ಸೀಳೇ ಇಲ್ಲದ ಅಂಗಿಯನ್ನು ಗಿರಾಕಿ ಹೇಗೆ ಹಾಕಿಕೊಳ್ಳಬೇಕು? 'ಕಾಜಾ ಬಾಕಿ' ಎಂದು ಚೀಟಿ ಬರೆದು ಅಂಗಿಗೆ ಚುಚ್ಚಿ ಮೊಳೆಗೆ ತೂಗುಹಾಕುತ್ತೇವೆ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಕಾರ್ಯತಂತ್ರ ಎಂದು ದೊಡ್ಡದಾಗಿ ಹೆಸರಿಟ್ಟಿದ್ದೀರಿ. ತಂತ್ರ ಕಾಣುತ್ತಿದೆ, ಕಾರ್ಯ ಎಲ್ಲಿ?

ಪ್ರತಿ ಪತ್ರಕ್ಕೂ ಹದಿನೈದು ದಿನದೊಳಗೆ ಉತ್ತರ ಎಂದು ನಿಮ್ಮ ಕಚೇರಿಯ ಗೋಡೆಯ ಮೇಲೆ ಬರೆಸಿದ್ದೀರಿ. ದಿನ ಎಣಿಸುತ್ತಿದ್ದೇನೆ.

ಇಂತಿ,
ಮೂರನೇ ಸಾಲಿನ ಮಹಿಳೆ


ಜನವರಿ 23

ಅರ್ಜಿದಾರರಿಗೆ,

ತಮ್ಮ ಪತ್ರ ಸಂಖ್ಯೆ 118ನ್ನು ಪರಿಶೀಲಿಸಲಾಗಿದೆ. ಕ್ರಮಸಂಖ್ಯೆ 31ರ ಕಾಮಗಾರಿಯು ಪೂರ್ಣಗೊಂಡಿರುವುದಾಗಿ ಇಂಜಿನಿಯರಿಂಗ್ ವಿಭಾಗವು ಲಿಖಿತವಾಗಿ ದೃಢೀಕರಿಸಿದೆ. ಕಟ್ಟಡದ ಬಳಕೆಯ ವಿಷಯವು ಈ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲವೆಂದು ತಿಳಿಸಲಾಗಿದೆ.

ಮುಂದಿನ ಪತ್ರಗಳಲ್ಲಿ ಅರ್ಜಿದಾರರು ತಮ್ಮ ನಿಜವಾದ ಹೆಸರಿನಲ್ಲೇ ಸಹಿ ಮಾಡತಕ್ಕದ್ದು.

ತಮ್ಮ ವಿಶ್ವಾಸಿ,
ಯೋಜನಾಧಿಕಾರಿ


ಫೆಬ್ರವರಿ 2

ಮಾನ್ಯರೇ,

ನಿಜವಾದ ಹೆಸರಿನಲ್ಲಿ ಸಹಿ ಮಾಡಬೇಕಂತೆ. ಆ ಹೆಸರು ಇಟ್ಟವರೇ ನೀವು, ಇಷ್ಟು ಬೇಗ ಮರೆತುಬಿಟ್ಟಿರಾ?

ಮೂರು ವರ್ಷದ ಹಿಂದೆ ಇದೇ ಯೋಜನೆಗೆ ಜನರ ಅಭಿಪ್ರಾಯ ಕೇಳುತ್ತೇವೆಂದು ಪುರಭವನದಲ್ಲಿ ಸಭೆ ಕರೆದಿದ್ದಿರಿ. ನೀವು ವೇದಿಕೆಯ ಮೇಲೆ ಗಡಿಯಾರ ಇಟ್ಟುಕೊಂಡು ಕೂತಿದ್ದಿರಿ. ಒಬ್ಬೊಬ್ಬರಿಗೆ ಎರಡು ನಿಮಿಷ. ನಾನೂ ಎದ್ದೆ. ಶೌಚಾಲಯ ಎನ್ನುವ ಮಾತನ್ನು ಅಷ್ಟು ಗಂಡಸರ ಮುಂದೆ ಬಾಯಿಂದ ಹೊರಡಿಸುವುದಕ್ಕೇ ಒಂದೂವರೆ ನಿಮಿಷ ಹಿಡಿಯಿತು. ಇನ್ನು ವಿಷಯಕ್ಕೆ ಬರಬೇಕು, ಅಷ್ಟರಲ್ಲಿ ಮೈಕಿನಲ್ಲಿ ಕೇಳಿಸಿತು: 'ಮೂರನೇ ಸಾಲಿನ ಮಹಿಳೆ, ನಿಮ್ಮ ಸಮಯ ಮುಗೀತು. ಕೂತ್ಕೊಳ್ಳಿ.'

ಕೂತೆ. ನೀನು ಆವತ್ತು ಹಾಕಿಕೊಂಡಿದ್ದ ಬೂದು ಬಣ್ಣದ ಕೋಟು ನಾನೇ ಹೊಲಿದದ್ದು. ಅದರ ಕಾಜಾಗಳನ್ನು ಮಿಷನ್ನಿನಲ್ಲಿ ಹಾಕದೆ ಕೈಯಲ್ಲಿ ಹಾಕಿದ್ದೆ, ದೊಡ್ಡ ಕೆಲಸಕ್ಕೆ ಸೇರಿದ್ದೀಯೆಂದು. ಮೂರನೇ ಸಾಲಿನಿಂದ ಆ ದಾರವೂ ನನಗೆ ಕಾಣುತ್ತಿತ್ತು. ಅಲ್ಲಿಂದ ನಿನಗೆ ನನ್ನ ಮುಖ ಕಾಣಲಿಲ್ಲ ಅಂದರೆ ನಾನು ನಂಬಬೇಕೇ?

ಇರಲಿ. ನೀನು ಎಂದು ಬರೆದುಬಿಟ್ಟೆ, ಟಪಾಲು ವಿಭಾಗದವರು ಮನ್ನಿಸಬೇಕು.

ಬಳಕೆ ನಿಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದಿರಿ. ನನ್ನ ವ್ಯಾಪ್ತಿ ಹೇಳುತ್ತೇನೆ ಕೇಳಿ. ಬೆಳಗ್ಗೆ ಎಂಟಕ್ಕೆ ಅರ್ಧ ಲೋಟ ನೀರು. ಒಂಬತ್ತಕ್ಕೆ ಅಂಗಡಿ. ಆಮೇಲೆ ಸಂಜೆ ಏಳರವರೆಗೆ ಗಂಟಲಿಗೆ ಒಂದು ಹನಿ ಬಿಡುವುದಿಲ್ಲ. ನಾನೊಬ್ಬಳೇ ಅಲ್ಲ. ಎದುರಿನ ತರಕಾರಿಯವಳು ಬಾಯಾರಿದರೆ ಸೌತೆಕಾಯಿ ಎತ್ತಿ ಮೂಸಿ ನೋಡಿ ವಾಪಸ್ಸು ಬುಟ್ಟಿಗೆ ಇಡುತ್ತಾಳೆ. ತಡೆಯಲಾಗದೇ ಹೋದರೆ ಬಸ್ ನಿಲ್ದಾಣದವರೆಗೆ ಇಪ್ಪತ್ತು ನಿಮಿಷ ನಡೆಯಬೇಕು. ವಾಪಸ್ಸು ಬರುವ ಹೊತ್ತಿಗೆ ಗಿರಾಕಿ ಬೇರೆ ಅಂಗಡಿ ಹತ್ತಿರುತ್ತಾನೆ.

ನಾನು ಭಿಕ್ಷೆ ಕೇಳುತ್ತಿಲ್ಲ. ನೀವು ಮಾಡಿದ್ದೇವೆ ಅಂದದ್ದನ್ನು ತೋರಿಸಿ ಎನ್ನುತ್ತಿದ್ದೇನೆ. ಈ ಸಲವೂ ಹದಿನೈದು ದಿನ.

ಇಂತಿ,
ಮೂರನೇ ಸಾಲಿನ ಮಹಿಳೆ
(ನಿಜವಾದ ಹೆಸರೇ)


ಫೆಬ್ರವರಿ 16

ಅರ್ಜಿದಾರರಿಗೆ,

ತಮ್ಮ ಪತ್ರ ಸಂಖ್ಯೆ 203ಕ್ಕೆ ಸಂಬಂಧಿಸಿದಂತೆ ಯೋಜನಾಧಿಕಾರಿಯು ದಿನಾಂಕ 11ರಂದು ಖುದ್ದಾಗಿ ಸ್ಥಳ ಪರಿಶೀಲನೆ ನಡೆಸಿರುತ್ತಾರೆ.

ಅಮ್ಮಾ, ಕಡತಕ್ಕೆ ಇಷ್ಟು ಸಾಕು. ಇನ್ನು ಮುಂದಿನದು ನಿನಗೆ.

ಬೀಗ ನೋಡಿದೆ. ಜೇಡವನ್ನೂ ನೋಡಿದೆ. ಆಮೇಲೆ ಬೀಗದ ಕೈ ಹುಡುಕುತ್ತಾ ಹೊರಟೆ. ಇಂಜಿನಿಯರಿಂಗ್‌ನವರು, ಕಟ್ಟಿ ಮುಗಿಸಿ ಕೊಟ್ಟಾಯಿತು ಎಂದರು. ಕೊಟ್ಟದ್ದು ಯಾರಿಗೆ ಎಂದರೆ ಮಾರುಕಟ್ಟೆ ಕಚೇರಿಗೆ. ಅಲ್ಲಿನ ಮೇಲ್ವಿಚಾರಕರು ಮೇಜಿನ ಡ್ರಾಯರ್ ಎಳೆದು ತೋರಿಸಿದರು. ಒಳಗೆ ಲಕೋಟೆ, ಲಕೋಟೆಯಲ್ಲಿ ಬೀಗದ ಕೈ. ನೀವೆಲ್ಲ ಅವರನ್ನು 'ಸಹಿ-ಬೇಡ ಸಾಹೇಬರು' ಎಂದು ಯಾಕೆ ಕರೆಯುತ್ತೀರೆಂದು ಆವತ್ತು ಗೊತ್ತಾಯಿತು.

'ಕೀ ಇಲ್ಲೇ ಇದೆಯಲ್ಲ, ತೆಗೀಬಹುದಲ್ವಾ?' ಎಂದೆ.

'ತೆಗೀಬೇಕಾದ್ರೆ ವಹಿಸಿಕೊಂಡಿದ್ದೀನಿ ಅಂತ ಸಹಿ ಹಾಕ್ಬೇಕು ಮೇಡಂ. ಸಹಿ ಹಾಕಿದ್ರೆ ನಾಳೆ ನಲ್ಲಿ ಸೋರಿದ್ರೂ ನಾನೇ, ಬಲ್ಬ್ ಹೋದ್ರೂ ನಾನೇ. ನಿವೃತ್ತಿಗೆ ಎರಡು ವರ್ಷ ಇದೆ. ನನ್ನ ಪಾಡಿಗೆ ನನ್ನ ಬಿಟ್ಬಿಡಿ.'

ಇಂಜಿನಿಯರಿಂಗ್‌ನವರ ಪುಸ್ತಕದಲ್ಲಿ ಅದು ಮುಗಿದ ಕೆಲಸ. ನಾನು ಅದನ್ನೇ ನಂಬಿ ಹಸಿರು ಚುಕ್ಕೆ ಇಟ್ಟೆ. ಹೋಗಿ ನೋಡಿರಲಿಲ್ಲ, ಇಟ್ಟೆ.

ಪುರಭವನದ ಮಾತು. ನಿನ್ನ ಮುಖ ಕಾಣಿಸಿತ್ತು ಅಮ್ಮಾ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು, ಪಕ್ಕದಲ್ಲಿ ಆಯುಕ್ತರು ಕೂತಿದ್ದರು. ನನ್ನ ಅಮ್ಮ ಎದ್ದು ನಿಂತು ಶೌಚಾಲಯ ಕೇಳುತ್ತಿದ್ದಾಳೆಂದು ನನಗೆ ನಾಚಿಕೆಯಾಯಿತು. ಇದು ಸಬೂಬಲ್ಲ. ಸಬೂಬಾಗಿದ್ದರೆ ಇನ್ನೂ ಚೆನ್ನಾಗಿ ಬರೆಯುತ್ತಿದ್ದೆ, ನನ್ನ ಉದ್ಯೋಗವೇ ಅದು.

ಆವತ್ತು ನಿನ್ನ ಅಂಗಡಿ ಮುಚ್ಚಿತ್ತು. ಪಾತ್ರೆ ಅಂಗಡಿಯವರನ್ನು ಕೇಳಿದರೆ ಊರಿಗೆ ಹೋಗಿದ್ದಾರೆ ಎಂದರು. ಯಾವ ಊರಿಗೆ ಅಮ್ಮಾ? ನಮಗೆ ಯಾವ ಊರಿದೆ?

ಯೋಜನಾಧಿಕಾರಿ


ಏಪ್ರಿಲ್ 4

ಯೋಜನಾಧಿಕಾರಿಗಳಿಗೆ,

ಅರ್ಜಿದಾರಳಿಗೆ ಹದಿನೈದು ದಿನದ ಕಟ್ಟುಪಾಡಿಲ್ಲ, ಅದಕ್ಕೇ ತಡವಾಯಿತು.

ಯಾವ ಊರು ಎಂದು ಕೇಳಿದ್ದೀಯ. ಆ ಊರಲ್ಲಿ ಮಂಚಗಳು ಸಾಲಾಗಿರುತ್ತವೆ, ತಲೆಯ ಹತ್ತಿರ ಕಂಬಿಗೆ ಬಾಟಲಿ ತೂಗುಹಾಕಿರುತ್ತಾರೆ. ಜೀವಮಾನವೆಲ್ಲ ಸೂಜಿ ಹಿಡಿದವಳಿಗೆ ಅಲ್ಲಿನವರು ಸೂಜಿ ಚುಚ್ಚಲು ನಾಲ್ಕು ಸಲ ನರ ಹುಡುಕಿದರು. ನಾನಾಗಿದ್ದರೆ ಒಂದೇ ಸಲಕ್ಕೆ ಪೋಣಿಸುತ್ತಿದ್ದೆ.

ಡಾಕ್ಟರು ವಯಸ್ಸಿನಲ್ಲಿ ನಿನ್ನ ಓರಗೆಯವಳು. 'ದಿನಕ್ಕೆ ಎಷ್ಟು ನೀರು ಕುಡೀತೀರಮ್ಮ?' ಎಂದಳು.

'ಬೆಳಗ್ಗೆ ಅರ್ಧ ಲೋಟ, ರಾತ್ರಿ ಒಂದು ಲೋಟ.'

'ತಮಾಷೆ ಮಾಡ್ಬೇಡಿ.'

'ತಮಾಷೆ ನಾನಲ್ಲ ತಾಯಿ, ನಗರಸಭೆ ಮಾಡ್ತಿರೋದು.'

ಮೂತ್ರಪಿಂಡ ಬಾಡಿದೆಯಂತೆ. ಒಂದೋ ನೀರು ಕುಡಿಯಬೇಕು, ಇಲ್ಲವೇ ಹೀಗೇ ಬಂದು ಮಲಗುತ್ತಿರಬೇಕು, ಅದೂ ಎಷ್ಟು ದಿನ ನಡೆಯುತ್ತದೋ ಹೇಳಲಾಗುವುದಿಲ್ಲ ಎಂದಳು. ಅಂಗಡಿ ಬಿಟ್ಟು ಮನೆಯಲ್ಲಿ ಇರಿ ಎಂದೂ ಹೇಳಿದಳು. ಬಿಡುವುದಿಲ್ಲ. ಅಪ್ಪ ಇಲ್ಲದ ಮಗುವನ್ನು ಆ ಮಿಷನ್ನಿನ ಪಕ್ಕದಲ್ಲೇ ಮಲಗಿಸಿ ಓದಿಸಿ ಅಧಿಕಾರಿ ಮಾಡಿದ ಜಾಗ ಅದು. ಬೀಗ ಅವರು ಹಾಕಿ, ಜಾಗ ನಾನು ಖಾಲಿ ಮಾಡಬೇಕೇ?

ನಾಚಿಕೆಯಾಯಿತು ಎಂದು ಬರೆದಿದ್ದೀಯ. ಓದಿದೆ. ನಿಜ ಹೇಳಿದ್ದಕ್ಕೆ ಒಂದು ಕ್ಷಣ ಸಮಾಧಾನವಾಯಿತು, ಆಮೇಲೆ ಮೊದಲಿಗಿಂತ ಜಾಸ್ತಿ ನೋವಾಯಿತು.

ನೋಡಲು ಬರಬೇಡ. ಹಣ್ಣು ಹಂಪಲು ಹಿಡಿದು ಬಂದರೆ ಬಾಗಿಲಿಂದಲೇ ಕಳಿಸುತ್ತೇನೆ. ಬರುವುದಾದರೆ ಆ ಬೀಗದ ಕೈ ಹಿಡಿದುಕೊಂಡು ಬಾ.

ಇಂತಿ,
ಮೂರನೇ ಸಾಲಿನ ಮಹಿಳೆ


ಜೂನ್ 18

ಅಮ್ಮಾ,

ಬೀಗದ ಕೈ ಇನ್ನೂ ಸಿಕ್ಕಿಲ್ಲ. ಎರಡು ಸಲ ಕಡತ ಮೇಲೆ ಕಳಿಸಿದೆ, ಎರಡು ಸಲವೂ 'ಚರ್ಚಿಸಿ' ಎಂದು ಬರೆದು ಕೆಳಗೆ ಬಂತು. ಅದಕ್ಕೇ ಇಷ್ಟು ದಿನ ಬರೆಯಲು ಮುಖವಿರಲಿಲ್ಲ.

ಈ ನಡುವೆ ಒಂದು ಕೆಲಸ ಮಾಡಿದೆ. ಅರವತ್ತನಾಲ್ಕು ಜಾಗಕ್ಕೂ ನಾನೇ ನಡೆದುಹೋಗಿ ನೋಡಿ ಬಂದೆ. ಬಸ್ ತಂಗುದಾಣವಿದೆ, ಬಸ್ಸು ಆ ರಸ್ತೆಗೇ ಬರುವುದಿಲ್ಲ. ವಾಚನಾಲಯವಿದೆ, ಪುಸ್ತಕಗಳು ಇನ್ನೂ ಪೆಟ್ಟಿಗೆಯಲ್ಲಿವೆ. ಚಿಕಿತ್ಸಾಲಯಕ್ಕೆ ಗಾಲಿಕುರ್ಚಿಯ ಇಳಿಜಾರು ಕಟ್ಟಿದ್ದಾರೆ, ಅದು ಹೋಗಿ ಮುಟ್ಟುವುದು ಗೋಡೆಗೆ. ಹೀಗೆ ಹನ್ನೊಂದು. ಮುಂದಿನ ಪ್ರಗತಿ ಪರಿಶೀಲನೆ ಪುಸ್ತಕದ ಕರಡಿನಲ್ಲಿ ಅವುಗಳ ಮುಂದೆ ಪೂರ್ಣ ಎಂದು ಬರೆಯಲು ಕೈ ಬರಲಿಲ್ಲ. ನನ್ನ ಗುರುತಿಗೆ ಮಾತ್ರ ಎಂದುಕೊಂಡು 'ಕಾಜಾ ಬಾಕಿ' ಎಂದು ಬರೆದುಕೊಂಡೆ. ಆಮೇಲೆ ಅವಸರದಲ್ಲಿ ತಿದ್ದಿದ ಪ್ರತಿಯ ಬದಲು ಆ ಕರಡನ್ನೇ ಮುದ್ರಣಾಲಯಕ್ಕೆ ಕಳಿಸಿಬಿಟ್ಟೆ.

ಮುದ್ರಣಾಲಯದವರು ಅದನ್ನೂ ಸರ್ಕಾರಿ ಪದವೆಂದೇ ತಿಳಿದಿದ್ದಾರೆ. ಯಾವ ಬಣ್ಣ ಎಂದು ನಾನು ಬರೆದಿರಲಿಲ್ಲವಾದ್ದರಿಂದ ಬಣ್ಣವಿಲ್ಲದ ಖಾಲಿ ಸುತ್ತು ಹಾಕಿ, ಕೆಳಗಿನ ವಿವರಣೆಯಲ್ಲೂ ಸೇರಿಸಿದ್ದಾರೆ: ಹಸಿರು ಪೂರ್ಣ, ಹಳದಿ ಪ್ರಗತಿಯಲ್ಲಿದೆ, ಕೆಂಪು ಆರಂಭವಾಗಿಲ್ಲ, ಖಾಲಿ ಸುತ್ತು ಕಾಜಾ ಬಾಕಿ. ಪುಸ್ತಕ ನಿನ್ನೆ ಎಲ್ಲ ಸದಸ್ಯರ ಮನೆಗೂ ಹೋಗಿದೆ.

ಆಯುಕ್ತರು ಇವತ್ತು ಕರೆದರು. ಇಪ್ಪತ್ತೇಳಕ್ಕೆ ಪರಿಶೀಲನಾ ಸಭೆ. ಅಲ್ಲಿ ನಾನೇ ಎದ್ದುನಿಂತು ಇದು ಅಚ್ಚಿನ ತಪ್ಪು, ಹನ್ನೊಂದೂ ಪೂರ್ಣ ಎಂದು ತಿದ್ದುಪಡಿ ಓದಬೇಕು. ಇಲ್ಲವಾದರೆ ಈ ಕುರ್ಚಿ ನನ್ನದಲ್ಲ. 'ಯೋಚ್ನೆ ಮಾಡಿ' ಎಂದು ನಗುತ್ತಲೇ ಹೇಳಿದರು.

ಯೋಚನೆ ಮಾಡುತ್ತಿದ್ದೇನೆ. ಹೆದರಿಕೆಯಾಗುತ್ತಿದೆ ಅಮ್ಮಾ.

ನಿನ್ನ ಮಗಳು


ಜೂನ್ 21

ಮಗಳೇ,

ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಆಯುಕ್ತರು ಹೇಳಿದ್ದನ್ನು ಇನ್ನೊಮ್ಮೆ ಓದಿದೆ.

ನನ್ನ ಮಾತು ಕೇಳು. ತಿದ್ದುಪಡಿ ಓದಿಬಿಡು. ಮೂವತ್ತೊಂದಕ್ಕೆ ಹಸಿರು ಹಚ್ಚಿಬಿಡು. ನಾನು ಇಪ್ಪತ್ತಾರು ವರ್ಷ ತಡೆದುಕೊಂಡಿದ್ದೇನೆ, ಇನ್ನೊಂದಷ್ಟು ದಿನ ತಡೆದುಕೊಳ್ಳುತ್ತೇನೆ. ನಿನ್ನ ಕೆಲಸ ಹೋದರೆ ತಡೆದುಕೊಳ್ಳುವ ಶಕ್ತಿ ನನಗಿಲ್ಲ. ಹಟ ನನ್ನದು, ಅದರ ಪೆಟ್ಟು ನಿನಗೆ ಬೀಳುವುದು ಬೇಡ.

ಅರ್ಜಿ ವಾಪಸ್ಸು ತೆಗೆದುಕೊಂಡಿದ್ದೇನೆ ಎಂದು ಬರೆದುಕೋ.

ಅಮ್ಮ


ಜೂನ್ 29

ಅಮ್ಮಾ,

ನಿನ್ನ ಪತ್ರ ಸಭೆಗೆ ಮೊದಲೇ ಕೈಸೇರಿತ್ತು. ನಿನ್ನ ಮಾತು ಕೇಳಲಿಲ್ಲ. ಟಪಾಲು ವಿಭಾಗದವರನ್ನು ವಿಚಾರಿಸಿದೆ, ಅರ್ಜಿ ವಾಪಸ್ಸು ಪಡೆಯಲು ನಿಜವಾದ ಹೆಸರಿನ ಸಹಿ ಬೇಕಂತೆ. ನೀನು ಬರೀ ಅಮ್ಮ ಎಂದು ಹಾಕಿದ್ದೆ.

ಸಭೆ ಹನ್ನೊಂದಕ್ಕೆ ಶುರುವಾಯಿತು. ಅಧ್ಯಕ್ಷರು ಪುಸ್ತಕ ತಿರುವಿ ಹಾಕಿ, 'ಇದೇನ್ರೀ ಕಾಜಾ? ಯಾವ ಇಲಾಖೆ ಪದ ಇದು?' ಎಂದರು.

'ಅಚ್ಚಿನ ತಪ್ಪು ಸರ್' ಎಂದರು ಆಯುಕ್ತರು. 'ಯೋಜನಾಧಿಕಾರಿ ಈಗ ತಿದ್ದುಪಡಿ ಓದ್ತಾರೆ.'

ತಿದ್ದುಪಡಿಯ ಹಾಳೆ ನನ್ನ ಕೈಯಲ್ಲೇ ಇತ್ತು, ಅವರೇ ಟೈಪ್ ಮಾಡಿಸಿ ಕೊಟ್ಟದ್ದು. ಎದ್ದು ನಿಂತೆ. ಅದೇ ಬೂದು ಕೋಟು ಹಾಕಿದ್ದೆ, ಮೇಲಿನ ಗುಂಡಿ ಹಿಡಿದುಕೊಂಡೆ.

'ಅಚ್ಚಿನ ತಪ್ಪಲ್ಲ ಸರ್. ನಿಮ್ಮ ಅಂಗಿ ಗುಂಡಿ ಯಾವುದರೊಳಗೆ ತೂರಿದೆ ನೋಡ್ಕೊಳ್ಳಿ. ಅದೇ ಕಾಜಾ.'

ಇಡೀ ಸಭೆ ಕತ್ತು ಬಗ್ಗಿಸಿ ಎದೆ ನೋಡಿಕೊಂಡಿತು. ಎರಡನೇ ಸಾಲಿನ ಸದಸ್ಯರೊಬ್ಬರು ಗುಂಡಿಗಳನ್ನು ಮೇಲೆಕೆಳಗೆ ಹಾಕಿಕೊಂಡಿದ್ದರು, ಮೆಲ್ಲಗೆ ಸರಿಮಾಡಿಕೊಂಡರು. ನಾನು ಹನ್ನೊಂದನ್ನೂ ಒಂದೊಂದಾಗಿ ಹೇಳತೊಡಗಿದೆ. ಬಸ್ಸು ಬಾರದ ತಂಗುದಾಣ, ಗೋಡೆಗೆ ಮುಟ್ಟುವ ಇಳಿಜಾರು. ಮೂವತ್ತೊಂದಕ್ಕೆ ಬರುವ ಹೊತ್ತಿಗೆ ಆಯುಕ್ತರು ಮೈಕು ಎಳೆದುಕೊಂಡರು.

'ನಿಮ್ಮ ಸಮಯ ಮುಗೀತು. ಕೂತ್ಕೊಳ್ಳಿ.'

ಅಮ್ಮಾ, ಅದೇ ಮಾತು. ಒಂದಕ್ಷರ ವ್ಯತ್ಯಾಸವಿಲ್ಲ. ಆ ಮಾತು ಮೈಮೇಲೆ ಬಿದ್ದರೆ ಹೇಗಿರುತ್ತದೆಂದು ಆಗ ಗೊತ್ತಾಯಿತು.

'ಕೂರಲ್ಲ ಸರ್' ಎಂದೆ. 'ಮೂರು ವರ್ಷದ ಹಿಂದೆ ಇದೇ ಮಾತು ಹೇಳಿ ನಾನು ಒಬ್ರನ್ನ ಕೂರಿಸಿದ್ದೆ. ಅವ್ರು ಕೇಳಿದ್ದು ಒಂದು ಶೌಚಾಲಯ. ನಾವು ಕಟ್ಟಿದ್ವಿ, ಬೀಗ ಹಾಕಿದ್ವಿ, ಹಸಿರು ಚುಕ್ಕೆ ಇಟ್ವಿ. ಅವ್ರು ಮಾತ್ರ ಇವತ್ತಿಗೂ ಅಂಗಡೀಲಿ ನೀರು ಕುಡಿಯಲ್ಲ. ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದ್ರು. ಅವ್ರು ನಮ್ಮಮ್ಮ. ಆವತ್ತು ಹೇಳ್ಬೇಕಿತ್ತು, ಹೇಳ್ಲಿಲ್ಲ. ಇವತ್ತು ಹೇಳ್ತಿದ್ದೀನಿ.'

ಹಿಂದಿನಿಂದ ಎಲ್ಲರಿಗಿಂತ ಹಿರಿಯ ಸದಸ್ಯೆ, ಕೋಲೂರಿಕೊಂಡು ಬರುತ್ತಾರಲ್ಲ ಅವರು, 'ಕಾಜಾ ಬಾಕಿ ಅನ್ನೋದು ಹಾಗೇ ಇರ್ಲಿ. ನಡಾವಳಿಯಲ್ಲಿ ಬರ್ಕೊಳ್ಳಿ. ಯಾರಿಗೆ ಒಪ್ಪಿಗೆ ಇಲ್ವೋ ಅವ್ರು ಕೈ ಎತ್ತಲಿ' ಎಂದರು. ಒಂದು ಕೈಯೂ ಮೇಲೇಳಲಿಲ್ಲ. ಇನ್ನು ಮುಂದೆ ಈ ನಗರದ ಯೋಜನೆಯಲ್ಲಿ ನಾಲ್ಕು ಗುರುತು, ನಾಲ್ಕನೆಯದು ನಿನ್ನದು.

ಸಂಜೆ ನಾಲ್ಕಕ್ಕೆ ವರ್ಗಾವಣೆ ಆದೇಶ ಬಂತು. 'ಅಷ್ಟೊಂದು ಕಾಳಜಿ ಇದ್ರೆ ಮಾರುಕಟ್ಟೆಗೇ ಹೋಗಿ ಕೂತ್ಕೊಳ್ಳಿ' ಎಂದರು ಆಯುಕ್ತರು. ಹಳೇ ಮಾರುಕಟ್ಟೆಯ ಮೇಲ್ವಿಚಾರಕಿ. ಎರಡು ಮೆಟ್ಟಿಲು ಕೆಳಗಿನ ಹುದ್ದೆ, ಕಿಟಕಿಯಿಲ್ಲದ ಕೋಣೆ. ಆದೇಶವನ್ನು ಎರಡನೇ ಸಲ ಓದುವಾಗ ನಗು ತಡೆಯಲಾಗಲಿಲ್ಲ. ಶಿಕ್ಷೆ ಕೊಡುವ ಆತುರದಲ್ಲಿ ಅವರು ಆ ಕೋಣೆಯ ಮೇಜನ್ನೂ, ಮೇಜಿನ ಡ್ರಾಯರನ್ನೂ ಮರೆತಿದ್ದಾರೆ.

ಒಂದನೇ ತಾರೀಖು ಬೆಳಗ್ಗೆ ಹತ್ತಕ್ಕೆ ಸಹಿ ಹಾಕುತ್ತೇನೆ. ನಲ್ಲಿ ಸೋರಿದರೂ ನಾನೇ, ಬಲ್ಬ್ ಹೋದರೂ ನಾನೇ.

ನಿನ್ನ ಮಗಳು


ಜುಲೈ 2

ಮಾರುಕಟ್ಟೆ ಮೇಲ್ವಿಚಾರಕಿಯವರಿಗೆ,

ನಿನ್ನೆ ನೀನು ಬೀಗ ತೆಗೆದ ಕೂಡಲೇ ಸಹಿ-ಬೇಡ ಸಾಹೇಬರು ಕಡತಗಳನ್ನು ಒಪ್ಪಿಸಬೇಕೆಂದು ನಿನ್ನನ್ನು ಕರೆದುಕೊಂಡುಹೋದರು. ಆಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ, ವರದಿ ಒಪ್ಪಿಸುತ್ತಿದ್ದೇನೆ.

ಹೆಂಗಸರೆಲ್ಲ ಸಾಲು ನಿಂತರು. ತರಕಾರಿಯವಳು ನನ್ನನ್ನು ರಟ್ಟೆ ಹಿಡಿದು ಎಳೆದು ತಂದು ಎಲ್ಲರಿಗಿಂತ ಮುಂದೆ ನಿಲ್ಲಿಸಿದಳು. 'ಟೈಲರಮ್ಮ ಹೋಗಿ ಬರೋವರೆಗೆ ಯಾರೂ ಒಳಗೆ ಕಾಲಿಡೋ ಹಾಗಿಲ್ಲ' ಎಂದು ಕೂಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಸೆರಗು ಸರಿಮಾಡಿಕೊಂಡು ಬಾಗಿಲವರೆಗೆ ಹೋದೆ, ಅಲ್ಲೇ ನಿಂತುಬಿಟ್ಟೆ.

ಬರಲೇ ಇಲ್ಲ ಕಣೇ! ನೀರು ಕುಡಿದಿದ್ದರೆ ತಾನೇ ಬರುವುದು? ಇಪ್ಪತ್ತಾರು ವರ್ಷದ ಅಭ್ಯಾಸ, ಬೆಳಗ್ಗೆ ಅದೇ ಅರ್ಧ ಲೋಟ ಕುಡಿದು ಬಂದಿದ್ದೆ. ಹೇಳಿದರೆ ನಗುತ್ತಾರೆ, ಹೇಳದಿದ್ದರೆ ಯಾರೂ ಒಳಗೆ ಹೋಗುವುದಿಲ್ಲ. ಹೇಳಿದೆ. ಮಾರುಕಟ್ಟೆಯ ಸೂರು ಹಾರಿಹೋಗುವ ಹಾಗೆ ನಕ್ಕರು. ಪಾತ್ರೆ ಅಂಗಡಿಯವಳು ಹೊಚ್ಚ ಹೊಸ ಲೋಟ ಬಿಚ್ಚಿದಳು. ಅವಸರವಿದ್ದವರನ್ನು ಮುಂದೆ ಬಿಟ್ಟು, ನಾನು ಮಿಷನ್ನಿನ ಮುಂದೆ ಕೂತು ಒಂದು ಲೋಟ ಕುಡಿದೆ. ತಣ್ಣಗಿತ್ತು. ಹಾಡುಹಗಲಲ್ಲಿ, ಎಲ್ಲರ ಕಣ್ಣೆದುರು, ಯಾವ ಲೆಕ್ಕಾಚಾರವೂ ಇಲ್ಲದೆ ಕುಡಿದೆ. ಆಮೇಲೆ ಇನ್ನೊಂದು. ಮೂರನೆಯದನ್ನು ಕುಡಿಯುವಾಗ ಕಣ್ಣಲ್ಲೂ ನೀರು ಬಂತು, ಯಾಕೆಂದು ನಿನಗೆ ಹೇಳಬೇಕಾಗಿಲ್ಲ.

ಅಂಗಡಿ ಈಗ ನಿನ್ನ ಕೋಣೆಯಿಂದ ಮೂವತ್ತು ಹೆಜ್ಜೆ. ಇನ್ನು ಪತ್ರ ಬರೆಯುವುದಿಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಬಾ. ಬರುವಾಗ ಆ ಕೋಟು ತಾ, ಮೇಲಿನ ಗುಂಡಿ ಸಡಿಲವಾಗಿದೆ. ನಿನ್ನೆ ನೀನು ಬೀಗ ತೆಗೆಯಲು ಬಗ್ಗಿದಾಗಲೇ ನೋಡಿದೆ.

ನಿನ್ನೆ ಎರಡೂಕಾಲಿಗೆ ಹೋಗಿ ಬಂದೆ. ಕ್ರಮಸಂಖ್ಯೆ ಮೂವತ್ತೊಂದು, ಪೂರ್ಣ. ಈಗ ಹಸಿರು ಹಚ್ಚು.

ಇಂತಿ,
ಸಾಲಿನಲ್ಲಿ ಮೊದಲನೆಯವಳು,
ನಿನ್ನ ಅಮ್ಮ